ಅರ್ಧ ಸೆಕೆಂಡು

ಮಾರ್ಚ್ ೧೨, ಗುರುವಾರ

ಪ್ರೀತಿಯ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ಪೆನ್ನು ಹಿಡಿದಾಗಲೆಲ್ಲ ಬೇರೆ ಕೆಲಸ ನೆನಪಾಗುತ್ತಿತ್ತು. ಮೊನ್ನೆ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದೆ. ಅವು ತೊಳೆದೇ ಇದ್ದವು.

"ಪ್ಯಾರಾಚೂಟಿನ ನನ್ನ ಮಡಿಕೆಯಲ್ಲಿ ಎಲ್ಲಿ ತಪ್ಪಾಯ್ತು ಅಕ್ಕಾ?" ಎಂದು ಎರಡರಲ್ಲೂ ಕೇಳಿದ್ದೀಯ. ಹಾರಾಟದ ದಿನ ನೀನು ದೊಡ್ಡವರ ಜೊತೆ ಗಾಜಿನ ಕೋಣೆಯಲ್ಲಿದ್ದೆ, ನಾನು ಬೇಲಿಯ ಹತ್ತಿರ. ಹೆಲಿಕಾಪ್ಟರು ಮೇಲಿಂದ ಬಿಟ್ಟಾಗ ನಮ್ಮ ಬಾಹ್ಯಾಕಾಶ ವಿಮಾನ ಕಡ್ಡಿಯಷ್ಟು ಕಂಡಿತು. ಒಳಗೆ ಜನವಿಲ್ಲ, ತಾನೇ ದಾರಿ ಹಿಡಿದು ಜಾರುತ್ತ ಬಂದು ರನ್‌ವೇ ಮುಟ್ಟಿತು. ಹಿಂದಿನ ಪ್ಯಾರಾಚೂಟ್ ಬಿಚ್ಚಿಕೊಂಡದ್ದು ಅರ್ಧ ಸೆಕೆಂಡು ತಡವಾಗಿ. ವಿಮಾನ ಪಕ್ಕಕ್ಕೆ ಸರಿದು ಎರಡು ದೀಪ ಒಡೆದು ನಿಂತಿತು.

"ಯಾರ ಕೈಯ ಮಡಿಕೆಯಮ್ಮಾ ಇದು?" ಎಂದ ಬೆಂಕಿ ಆರಿಸುವವನು.

"ನನ್ನ ತಂಗೀದು" ಅಂದೆ. ಬಾಯಿ ಸಿಹಿಯಾಯಿತು, ಪುಟ್ಟಿ. ಆಮೇಲೆ ನಿನ್ನನ್ನು ಮಡಿಸುವ ಕೆಲಸದಿಂದ ತೆಗೆದಾಗಲೂ ಸುಮ್ಮನಿದ್ದೆ.

ಇಪ್ಪತ್ತೆರಡು ವರ್ಷ ಎಲ್ಲರೂ ನಿನಗೆ "ಅವರ ತಂಗಿ ಅಲ್ವಾ?" ಎನ್ನುತ್ತಿದ್ದರು. ಈ ಹಾರಾಟಕ್ಕೆ ನಿನ್ನನ್ನು ಆರಿಸಿದ ದಿನ ಕ್ಯಾಂಟೀನಿನವನು ನನಗೆ "ನೀವು ಅವರ ಅಕ್ಕ ಅಲ್ವಾ?" ಎಂದ. ಚಹಾ ಅಲ್ಲೇ ಬಿಟ್ಟು ಎದ್ದೆ. ತರಬೇತಿಯಿಲ್ಲದೆ, ಹಳೆಯ ಪ್ಯಾರಾಚೂಟ್ ಚೀಲಗಳನ್ನು ಬಿಚ್ಚಿ ಬಿಚ್ಚಿ ಕಲಿತವಳು ನಾನು. ನಿನಗೆ ಕಲಿಸಿದವಳೂ ನಾನೇ. ಹೊಟ್ಟೆ ಉರಿಯದೆ ಏನಾಗುತ್ತೆ?

ಮುಂದಿನ ಹಾರಾಟ ನನಗೇ ಬಂದಿದೆ. "ನೀವೇ ಮಡಿಸಿ ಅಕ್ಕಾ, ನಿಮ್ಮ ಕೈ ತಪ್ಪಲ್ಲ" ಎಂದರು ಮುಖ್ಯಸ್ಥರು. ಕಾದು ಕಾದು ಬಂದ ಮಾತು. ಮೇಜಿನ ಮುಂದೆ ನಿಂತರೆ ಕೈ ಏಳಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಯಜಮಾನರಿಗೆ ಕೇಳಿದೆನೆಂದು ಹೇಳು. ನೂರು ಕಾಲ ತಣ್ಣಗಿರು.

ನಿನ್ನ
ಅಕ್ಕ

ಮರೆತದ್ದಲ್ಲ, ಕೊನೆಗೆ ಉಳಿಸಿಕೊಂಡದ್ದು: ನೀನು ಮಡಿಸಿ, ಚೀಟಿಗೆ ಸಹಿ ಹಾಕಿದ ಚೀಲ ಮೊಹರಿಗೆಂದು ನನ್ನ ಮೇಜಿಗೆ ಬಂದಾಗ ಬಿಚ್ಚಿ ನೋಡಿದೆ, ಹುಳುಕು ಹುಡುಕಲು. ಒಂದೂ ಸಿಗಲಿಲ್ಲ. ಬಿಚ್ಚಿದವರೇ ಹೊಸ ಚೀಟಿ ಬರೆದು ಸಹಿ ಮಾಡಬೇಕೆಂದು ನಿನಗೆ ಕಲಿಸಿದವಳು ನಾನೇ. ಆದರೂ ಅವಸರದಲ್ಲಿ ಮಡಿಸಿ, ನಿನ್ನ ಚೀಟಿಯನ್ನೇ ಸಿಕ್ಕಿಸಿ ಮೊಹರು ಹಾಕಿದೆ. ಅಂದು ತಡವಾದದ್ದು ನನ್ನ ಮಡಿಕೆ. ಇದನ್ನೆಲ್ಲ ಬರೆದು, ಸಹಿ ಹಾಕಿ, ಮುಖ್ಯಸ್ಥರ ಕೈಗೆ ಕೊಟ್ಟು ಬಂದೆ. ನಿನ್ನ ಮೇಜು ಒರೆಸಿಟ್ಟಿದ್ದೇನೆ. ಬರುತ್ತ ಕ್ಯಾಂಟೀನಿನವನಿಗೂ ಹೇಳಿದೆ: "ಹೌದಪ್ಪಾ, ನಾನು ಅವಳ ಅಕ್ಕ."