ಹೊಂಗನೂರಿನ ಏಳು ಮನೆಗಳಲ್ಲಿ ಹುಳ ಇತ್ತು

ಸಂಶೋಧನಾ ನೀತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಾನು ತಪ್ಪು ಮಾಡಿದ್ದೇನೆ ಎಂದು ನಿಮಗೆ ಮೂರು ಸಲ ಬರೆದೆ. ಯಾವ ತಪ್ಪೂ ಆಗಿಲ್ಲ ಎಂದು ನೀವು ಮೂರು ಸಲವೂ ಉತ್ತರಿಸಿದಿರಿ. ತಪ್ಪನ್ನು ಕ್ಷಮಿಸುವ ಕಚೇರಿಗಳನ್ನು ನೋಡಿದ್ದೇನೆ, ಶಿಕ್ಷಿಸುವ ಕಚೇರಿಗಳನ್ನೂ ನೋಡಿದ್ದೇನೆ. ತಪ್ಪೊಪ್ಪಿಗೆಯನ್ನೇ ಹಿಂದಿರುಗಿಸುವ ಕಚೇರಿಯನ್ನು ನೋಡಿದ್ದು ಇದೇ ಮೊದಲು. ಆದ್ದರಿಂದ ನಾಲ್ಕನೆಯ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಓದುವವರಿಗಾಗಿ ಮೊದಲು ವಿಷಯ. ನಿಮ್ಮ ಸಂಸ್ಥೆಯಲ್ಲಿ ರೋಗನಿರೋಧಕ ಶಕ್ತಿಯನ್ನು ಅಭ್ಯಾಸ ಮಾಡುವ ಮಹಿಳಾ ವಿಜ್ಞಾನಿಯೊಬ್ಬರು ಮರೆವಿನ ಕಾಯಿಲೆಯ ಬಗ್ಗೆ ಸಂಶೋಧನೆ ನಡೆಸುತ್ತಿದ್ದಾರೆ. ನಮ್ಮ ದೇಹದಲ್ಲಿ ಯಾರೂ ಕಲಿಸದೆ ಹುಟ್ಟಿನಿಂದಲೇ ಕಾವಲು ಕಾಯುವ ಜೀವಕೋಶಗಳಿವೆ. ರಕ್ತದಲ್ಲಿ ಕೆಲವು, ಮಿದುಳಿನಲ್ಲಿ ಕೆಲವು. ಸೋಂಕನ್ನು ನುಂಗುವುದು, ಕಸ ಗುಡಿಸುವುದು ಅವುಗಳ ಕೆಲಸ. ಅವು ಬಹುಕಾಲ ಕೆರಳಿಯೇ ಇದ್ದರೆ ಕಸದ ಜೊತೆಗೆ ನೆಟ್ಟಗಿರುವ ನರಗಳ ಕೊಂಡಿಗಳನ್ನೂ ತಿಂದುಹಾಕಬಹುದಂತೆ. ಮರೆವು ಬಂದವರ ರಕ್ತದಲ್ಲಿ ಈ ಜೀವಕೋಶಗಳು ಕೆರಳಿರುತ್ತವೆಯೇ, ಅವರ ಮಕ್ಕಳಲ್ಲೂ ಹಾಗೆಯೇ ಇರುತ್ತದೆಯೇ ಎಂಬುದು ಆ ವಿಜ್ಞಾನಿಯ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಅದನ್ನು ಕೆಡಿಸಿದವಳು ನಾನು.

ನಾನು ಚನ್ನಪಟ್ಟಣದ ಗ್ರಂಥಾಲಯವೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳನ್ನು ಓದುತ್ತೇನೆ. ಅದು ಬಿಟ್ಟರೆ ಹೇಳಿಕೊಳ್ಳುವಂಥ ಅರ್ಹತೆಯಿಲ್ಲ. ಊರಿನವರ ಪರಿಚಯವಿದೆ, ಇಂಗ್ಲಿಷ್ ಓದಬಲ್ಲಳು ಎಂಬ ಕಾರಣಕ್ಕೆ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬುವ ಕೆಲಸ ನನಗೆ ಸಿಕ್ಕಿತು. ಕಳೆದ ಆರು ವಾರಗಳಲ್ಲಿ ಮನೆಯಲ್ಲಿ ರೇಷ್ಮೆಹುಳು ಸಾಕಿದ್ದೀರಾ ಎಂದು ಅದರಲ್ಲೊಂದು ಪ್ರಶ್ನೆ. ಹೌದೆಂದರೆ ಆಗ ರಕ್ತ ತೆಗೆಯುವಂತಿಲ್ಲ. ಹುಳುಮನೆಯ ದೂಳು, ಸೋಂಕು ತಡೆಯಲು ಸಿಂಪಡಿಸುವ ಫಾರ್ಮಲಿನ್, ಬ್ಲೀಚಿಂಗ್ ಪುಡಿ ಇವೇ ಆ ಜೀವಕೋಶಗಳನ್ನು ಕೆರಳಿಸಬಹುದು ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಹೊಂಗನೂರಿನ ತಿಮ್ಮಮ್ಮನ ಮನೆಗೆ ಹೋದದ್ದು ಒಂದು ಬುಧವಾರ ಬೆಳಿಗ್ಗೆ. ತಿಮ್ಮಮ್ಮನಿಗೆ ಎಪ್ಪತ್ತೊಂದು. ಆಗಲೇ ಮಗಳು ನಯನಳನ್ನು ತನ್ನ ತಂಗಿಯೆಂದು ಕರೆಯುತ್ತಿದ್ದಳು. ನಯನಳಿಗೆ ಮೂವತ್ತೊಂಬತ್ತು. ತಾಯಿಯೊಂದಿಗೆ ಹೋಲಿಸಿ ನೋಡಲೆಂದು ಅವಳೂ ರಕ್ತ ಕೊಡಲು ಒಪ್ಪಿದ್ದಳು. ಹೊಸಿಲ ಉದ್ದಕ್ಕೂ ಸುಣ್ಣದ ಪುಡಿ ಚೆಲ್ಲಿತ್ತು. ಜಗುಲಿಯ ಮೇಲೆ ಒದ್ದೆ ಗೋಣಿ ಹೊದಿಸಿದ ಹಿಪ್ಪುನೇರಳೆ ಸೊಪ್ಪು. ಒಳಗೋಡೆಯ ಆಚೆ ಹುಳ ಸೊಪ್ಪು ಮೇಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಫಾರ್ಮಲಿನ್ ವಾಸನೆಗೆ ನನ್ನ ಕಣ್ಣು ಉರಿಯುತ್ತಿತ್ತು. ನಾನು ಪ್ರಶ್ನೆ ಓದಿದೆ. ಅರ್ಧ ಗಂಟೆ ಹಿಂದೆ ತಿಂದ ತಿಂಡಿ ಯಾವುದೆಂದು ಹೇಳಲಾರದ ತಿಮ್ಮಮ್ಮ ಈ ಒಂದಕ್ಕೆ ಮಾತ್ರ ತಡವರಿಸಲಿಲ್ಲ.

“ಹುಳ ಇಲ್ಲ ಕಣವ್ವ. ಈ ಸಲ ಇಕ್ಕಿಲ್ಲ.”

ನಯನ ನೆಲ ನೋಡುತ್ತ, “ಇಲ್ಲ ಅಂತ್ಲೇ ಬರ್ಕಳಿ ಅಕ್ಕ” ಎಂದಳು.

ನಮ್ಮ ಕಡೆ ಹುಳ ಹಣ್ಣಾಗಿ ಗೂಡು ಕಟ್ಟುವವರೆಗೂ ಮನೆಯಲ್ಲಿ ಹುಳ ಇದೆಯೆಂದು ಹೊರಗಿನವರಿಗೆ ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿಯಾಗುತ್ತದೆ. ಕಂಡವರೂ ಕಂಡೆವೆನ್ನುವುದಿಲ್ಲ. ಅದನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ. ಆ ಮರ್ಯಾದೆಯಲ್ಲೇ ಬೆಳೆದ ನಾನು ಕಣ್ಣೊರೆಸಿಕೊಂಡು ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದೆ. ರಕ್ತ ತೆಗೆಯುವವರಿಗೆ ಎರಡು ತಿಂಗಳು ಬಿಟ್ಟು ಬನ್ನಿ ಎನ್ನಬಹುದಿತ್ತು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಮಾತು ಬರೆಯಬಹುದಿತ್ತು. ಅವರು ಮಾರನೆಯ ದಿನ ಬಂದರು, ತಾಯಿ ಮಗಳ ರಕ್ತ ತೆಗೆದುಕೊಂಡು ಹೋದರು. ಆ ಊರಿನಲ್ಲಿ ನಾನು ಹೋದ ಹನ್ನೊಂದು ಮನೆಗಳಲ್ಲಿ ಏಳರಲ್ಲಿ ಹುಳ ಇತ್ತು. ನನ್ನ ಹಾಳೆಗಳ ಪ್ರಕಾರ ಒಂದರಲ್ಲೂ ಇಲ್ಲ. ಹೊಂಗನೂರಿನವರು ರೇಷ್ಮೆಯನ್ನೇ ಬಿಟ್ಟುಬಿಟ್ಟರು ಎಂಬ ಈ ಅಪೂರ್ವ ಸುದ್ದಿ ನಿಮ್ಮ ಸಮಿತಿಯ ಒಬ್ಬ ಸದಸ್ಯರಿಗೂ ಆಶ್ಚರ್ಯ ತರಲಿಲ್ಲವೇ? ನಿಮ್ಮಲ್ಲಿ ಯಾರೂ ಆ ದಾರಿಯಲ್ಲಿ ಬಸ್ಸಿನಲ್ಲಿ ಬಂದವರಿಲ್ಲವೇ?

ಇಲ್ಲಿಯವರೆಗಿನದು ಆಲಸ್ಯದ ತಪ್ಪು. ಮುಂದಿನದಕ್ಕೆ ಆ ಹೆಸರೂ ಸಲ್ಲದು. ಕಳೆದ ನವೆಂಬರಿನಲ್ಲಿ ರಕ್ತ ಕೊಟ್ಟವರನ್ನೆಲ್ಲ ಚನ್ನಪಟ್ಟಣದ ಸಭಾಭವನಕ್ಕೆ ಕರೆಸಿ ಫಲಿತಾಂಶ ತಿಳಿಸಿದರು. ಸಂಶೋಧಕಿ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದವಳು ನಾನು. ಒಬ್ಬ ತಾಯಿ ಮತ್ತು ಆಕೆಯ ಆರೋಗ್ಯವಂತ ಮಗಳು, ಇಬ್ಬರಲ್ಲೂ ಈ ಜೀವಕೋಶಗಳು ಒಂದೇ ರೀತಿ ಕೆರಳಿವೆ, ಇದು ವಂಶದಲ್ಲಿ ಬರುವ ಲಕ್ಷಣ ಇರಬಹುದು ಎಂದರು. ಹೆಸರು ಹೇಳಲಿಲ್ಲ. ಅಲ್ಲಿದ್ದ ತಾಯಿ ಮಗಳ ಜೋಡಿ ಒಂದೇ. ‘ಇರಬಹುದು’ ಎಂಬ ಪದವನ್ನೂ ಬಿಡದೆ ನಾನು ನಿಖರವಾಗಿ ಅನುವಾದಿಸಿದೆ. ಅನುವಾದಿಸುವಾಗ ಆ ಸುಣ್ಣದ ಪುಡಿ, ಆ ಸದ್ದು ನೆನಪಿಗೆ ಬಂದವು. ಮಾತು ಮುಗಿಸಿ ನೀರು ಕುಡಿದು ಕುಳಿತೆ. ನಿಲ್ಲಿ, ಈ ಲೆಕ್ಕ ಸರಿಯಿಲ್ಲ ಎನ್ನಲು ಮೈಕು ನನ್ನ ಕೈಯಲ್ಲೇ ಇತ್ತು. ನೂರು ಜನರ ಎದುರು ನನ್ನ ಹಾಳೆ ಸುಳ್ಳೆಂದು ಹೇಳಲು ನಾಚಿಕೆಯಾಯಿತು. ಅಷ್ಟೇ ಕಾರಣ.

ಸಂಕ್ರಾಂತಿ ಕಳೆದ ಮೇಲೆ ನಯನಳನ್ನು ನೋಡಲು ಹೋದೆ. ಅಡುಗೆಮನೆಯ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದ್ದಳು: ಉಪ್ಪು, ಬೆಲ್ಲ, ಸೋಡಾ. ಏಕೆಂದು ಕೇಳಿದೆ.

“ಇವಾಗ್ಲೇ ರೂಢಿ ಆಗ್ಲಿ ಅಂತ ಕಣಕ್ಕ. ಆಮೇಲೆ ಬರಿಯಕ್ಕೂ ನೆಪ್ಪಿರಲ್ವಲ್ಲ.”

ಗಂಡ ಬೀರೇಶ್ ಕುರಿ ಹೊಡೆದುಕೊಂಡು ಹೊರಟವನು ಬಾಗಿಲಲ್ಲಿ ನಿಂತ. “ನನ್ ಹಣೆಗೂ ಒಂದು ಅಂಟ್ಸಮ್ಮಿ, ಗಂಡ ಅಂತ. ನಾಳೆ ಯಾರ್ದಾರ ಮನೆಗೆ ನುಗ್ಗಿ ಮುದ್ದೆ ಇಕ್ಕಿಬುಟ್ಟೀಯ.”

ಅವಳೂ ನಕ್ಕಳು. ಆಮೇಲೆ ಅವನೇ ಹೊರಗೆ ನನಗೆ ಹೇಳಿದ: ಅವಳು ಚಾಕಿ ಕೇಂದ್ರದ ಕೆಲಸ ಬಿಟ್ಟಿದ್ದಾಳೆ. ಮೊಟ್ಟೆಯೊಡೆದು ಬಂದ ಎಳೆಹುಳುಗಳನ್ನು ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವುದು, ಕಳೆಯುವವರೆಗೆ ಸಾಕಿ ರೈತರಿಗೆ ಕೊಡುವ ಜಾಗ ಅದು; ಪ್ರಶ್ನಾವಳಿ ಮನೆಯ ಹುಳವನ್ನಷ್ಟೇ ಕೇಳಿತ್ತು, ಕೆಲಸದ ಜಾಗವನ್ನಲ್ಲ. ಹದಿನೇಳು ವರ್ಷದಿಂದ ಅವಳ ಕೈಯಲ್ಲಿ ಹುಳ ಕೆಟ್ಟದ್ದಿಲ್ಲ. ಮದ್ದಿನ ಅಳತೆ ಮರೆತು ಊರಿನವರ ಬೆಳೆಯೆಲ್ಲ ಹಾಳುಮಾಡಿಬಿಟ್ಟರೆ ಎಂದು ಹೆದರಿ ತಾನೇ ಬಿಟ್ಟಳು. ಈಗ ದಿನವಿಡೀ ತಾಯಿಯ ಎದುರು ಕುಳಿತು ತನ್ನನ್ನೇ ನೋಡುತ್ತಿರುವಂತೆ ನೋಡುತ್ತಾಳಂತೆ.

ನಾನು ಒಳಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಂದು ಹುಳ ಇದ್ದದ್ದು ನನಗೆ ಗೊತ್ತಿತ್ತು, ಹುಳದ ಮನೆಯಲ್ಲಿ ನೀನೂ ನಿನ್ನ ತಾಯಿಯೂ ಮಲಗುತ್ತಿದ್ದಿರಿ, ಜೀವಕೋಶ ಕೆರಳಿದ್ದು ಅದರಿಂದಲೂ ಇರಬಹುದು ಎಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ನೀವು ಒಳ್ಳೇರು ಕಣಕ್ಕ. ನನ್ ಸಮಾಧಾನಕ್ಕೆ ನೀವು ಸುಳ್ಳುಗಾರ್ತಿ ಆಗ್ಬ್ಯಾಡಿ. ಹೇಳಿದ್ದು ಡಾಕ್ಟ್ರಮ್ಮ. ಅಲ್ಲ ಅನ್ನದಾದ್ರೆ ಅವ್ರೇ ಬರ್ದು ಕೊಡ್ಲಿ.”

ಸುಳ್ಳು ಬರೆದಾಗ ಎಲ್ಲರೂ ನನ್ನನ್ನು ನಂಬಿದ್ದರು.

ಸಂಶೋಧಕಿಗೆ ಬರೆದೆ. ಅವರು ಎರಡೇ ದಿನದಲ್ಲಿ ಉತ್ತರಿಸಿ, ಏಳೂ ಮನೆಗಳ ಮಾದರಿಗಳನ್ನು ಕೈಬಿಟ್ಟು ನಯನಳಿಗೆ ತಿಳಿಸಲು ಸಿದ್ಧ, ಆದರೆ ಸಮಿತಿಯ ಅನುಮತಿ ಬೇಕು ಎಂದರು. ಆ ಸಮಿತಿ ನೀವು. ಪ್ರಶ್ನಾವಳಿಗೆ ಭಾಗಿಗಳದೇ ಸಹಿ ಮತ್ತು ಹೆಬ್ಬೆಟ್ಟು ಇರುವುದರಿಂದ ಮಾಹಿತಿಯಲ್ಲಿ ಲೋಪವಿಲ್ಲ ಎಂದಿತು ನಿಮ್ಮ ಮೊದಲ ಉತ್ತರ. ಸಂಗ್ರಹ ಮುಗಿದ ಮೇಲೆ ತಿದ್ದುಪಡಿಗೆ ಅವಕಾಶವಿಲ್ಲ ಎಂದಿತು ಎರಡನೆಯದು. ಮೂರನೆಯದನ್ನು ಇಡಿಯಾಗಿ ಉದ್ಧರಿಸಬೇಕು: “ಭಾಗಿಗಳನ್ನು ಪುನಃ ಸಂಪರ್ಕಿಸುವುದರಿಂದ ಅವರಲ್ಲಿ ಅನಗತ್ಯ ಆತಂಕ ಉಂಟಾಗಬಹುದು.” ಮಾನ್ಯರೇ, ಉಪ್ಪಿನ ಡಬ್ಬಿಗೆ ಉಪ್ಪು ಎಂದು ಚೀಟಿ ಅಂಟಿಸಿಕೊಂಡಿರುವ ಹೆಂಗಸಿಗೆ ಇನ್ನು ಯಾವ ಆತಂಕ ಉಂಟಾಗುವುದು ಬಾಕಿಯಿದೆ? ಜನರನ್ನು ಸಂಶೋಧನೆಯಿಂದ ಕಾಪಾಡಲೆಂದೇ ಇರುವ ಸಮಿತಿ ಯಾರಿಂದ ಯಾರನ್ನು ಕಾಪಾಡುತ್ತಿದೆ? ನನ್ನನ್ನು ಕಾಪಾಡುತ್ತಿದ್ದರೆ ದಯವಿಟ್ಟು ನಿಲ್ಲಿಸಿ.

ನಯನಳ ಮನೆಯವರ ಹೆಸರು, ವಿಷಯ ಅವಳ ಒಪ್ಪಿಗೆಯಿಂದಲೇ ಇಲ್ಲಿ ಬಂದಿವೆ. ಹಾಕಿಕೊಳ್ಳಿ, ಈಗ ಮನೆಯಲ್ಲಿ ಹುಳ ಇದೆಯೋ ಇಲ್ಲವೋ ಅದನ್ನು ಮಾತ್ರ ಬರೆಯಬೇಡಿ ಎಂದಳು. ಬರೆದಿಲ್ಲ.

ನನ್ನ ಬೇಡಿಕೆ ಒಂದು ಹಾಳೆ. ಕನ್ನಡದಲ್ಲಿ, ನಯನಳ ಹೆಸರಿಗೆ, ಸಂಶೋಧಕಿಯ ಸಹಿ ಮತ್ತು ನಿಮ್ಮ ಮೊಹರಿನೊಂದಿಗೆ. ಕಾಯಿಲೆ ಬರುವುದಿಲ್ಲ ಎಂದು ಅದರಲ್ಲಿ ಬರೆಯಬೇಡಿ. ಅದು ನಿಮಗೆ ಗೊತ್ತಿಲ್ಲ, ಮತ್ತೊಂದು ಸುಳ್ಳಿಗೆ ನಾನು ಕಾರಣಳಾಗಲಾರೆ. ನಿನ್ನ ರಕ್ತವನ್ನು ತೆಗೆಯಬಾರದ ಕಾಲದಲ್ಲಿ ತೆಗೆದೆವು, ಅದರಿಂದ ನಿನ್ನ ಮುಂದಿನ ದಿನಗಳ ಬಗ್ಗೆ ನಮಗೆ ಏನೂ ತಿಳಿದಿಲ್ಲ, ಎಂದು ಬರೆಯಿರಿ. ತಪ್ಪು ಯಾರದೆಂಬ ಕಡೆ ನನ್ನ ಪೂರ್ಣ ಹೆಸರು ಹಾಕಿ. ಚಾಕಿ ಕೇಂದ್ರದವರು ಅವಳ ಜಾಗವನ್ನು ಯುಗಾದಿಯವರೆಗೆ ಯಾರಿಗೂ ಕೊಡುವುದಿಲ್ಲ ಎಂದಿದ್ದಾರೆ. ಯುಗಾದಿಗೆ ಇನ್ನು ಹತ್ತೊಂಬತ್ತು ದಿನ.

ಇಂತಿ,
ನಿಮ್ಮ ಕಡತಗಳಲ್ಲಿ ಇಂದಿಗೂ ನಿರ್ದೋಷಿಯಾಗಿರುವ
ಗಿರಿಜಾಂಬ
ಚನ್ನಪಟ್ಟಣ