ಶೆಡ್ಡಿನ ನೆರಳು

ಹೆತ್ತೂರು
೨೪-೫-೨೦೨೪

ನನ್ನ ಧನು,

ನಿನಗೂ ಬಾಲುವಿಗೂ ಅಮ್ಮನ ಆಶೀರ್ವಾದ. ನಿನ್ನ ಕಾಗದ ಬಂದು ತಿಂಗಳಾಯಿತು. ತಡವಾದದ್ದಕ್ಕೆ ಸೊಂಟನೋವನ್ನು ದೂರಬಹುದಿತ್ತು. ನಿಜವೆಂದರೆ ನನ್ನ ಹಟ. ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಐದು ತಿಂಗಳೆಂದು ಓದಿದ ದಿನವೇ ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಮರ ಹತ್ತಿ ಕೊಂಬೆ ತೆಗೆಯುವ ಮರಗಸಿ ಕೆಲಸದ ಬಾಲುವನ್ನು ನೀನು ಕಟ್ಟಿಕೊಂಡಾಗ, ನಿಮ್ಮ ತಗಡಿನ ಶೆಡ್ಡಿಗೆ ಕಾಲಿಡುವುದಿಲ್ಲ ಎಂದಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀನೋ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಶೆಡ್ ಎನ್ನುವ ಮಾತು ಹುಟ್ಟಿದ್ದೇ ನೆರಳೆನ್ನುವ ಶೇಡ್‌ನಿಂದ ಎಂದು ನೀನು ಕಾಗದದಲ್ಲಿ ಬರೆದಿದ್ದೆ. ನನಗೇ ಪಾಠವೇ ಎಂದು ರೇಗಿತು. ನಿನ್ನ ತಪ್ಪು ಹಿಡಿಯಲೆಂದೇ ಹೋಗಿ, ರಿಟೈರಾದ ಸೋಮಯ್ಯ ಮೇಷ್ಟ್ರ ದಪ್ಪ ನಿಘಂಟು ತೆಗೆಸಿದೆ. ಅವರು ಕನ್ನಡಕ ಏರಿಸಿ, "ಹಂಗೇ ಇರ್ಬೇಕು ಅಂತ ಐತೆ ಕಣಮ್ಮ. ಮೊದ್ಲು ಬಿಸಿಲಿಗೆ ಮರೆಯಾಗೋ ಜಾಗ, ಸೌದೆ ಸಾಮಾನು ತುಂಬಿದ್ದು ಆಮೇಲೆ" ಎಂದರು.

ಬರುವ ದಾರಿಯಲ್ಲಿ ನಮ್ಮ ಮೇಲಿನ ತೋಟ ನೋಡಿದೆ. ಹೋದ ವರ್ಷ ಬಾಲುವನ್ನು ಕರೆಯಬಾರದೆಂದು ಬೇರೆಯವರಿಂದ ಮರಗಸಿ ಮಾಡಿಸಿದ್ದೆನಲ್ಲ, ಅವರು ಪಡುವಣ ಬಿಸಿಲು ತಡೆಯುವ ನೆರಳು ಮರಗಳ ಕೊಂಬೆಗಳನ್ನೆಲ್ಲ ಬೋಳಿಸಿದ್ದರು. ಈ ಬೇಸಿಗೆಗೆ ಇನ್ನೂರು ಕಾಫಿ ಗಿಡ ಸುಟ್ಟವು. ಯಾರನ್ನು ಬೈಯಲಿ? ನೆರಳು ಬಲ್ಲವನನ್ನೇ ದೂರವಿಟ್ಟೆನೆಂದು ಅಲ್ಲೇ ಕೂತು ಅತ್ತುಬಿಟ್ಟೆ.

ಬುಡ ಇನ್ನೂ ಹಸಿಯಾಗಿದೆ, ಚಿಗುರುತ್ತವೆ. ಮಳೆ ಹಿಡಿದ ಮೇಲೆ ನೆರಳಿಗೆ ಹಾಲುವಾಣದ ಕೊಂಬೆ ಎಲ್ಲೆಲ್ಲಿ ನೆಡಬೇಕೆಂದು ಬಾಲು ಬಂದು ತೋರಿಸಲಿ. ಅತ್ತೆ ಕೇಳಿಕೊಂಡಳೆಂದೇ ಹೇಳು. ಮಂಗಳವಾರದ ಬಸ್ಸಿಗೆ ನಾನೇ ನಿಮ್ಮ ಹೆಗ್ಗದ್ದೆಗೆ ಬರುತ್ತೇನೆ. ಕಡುಬು, ಮಿಡಿ ಉಪ್ಪಿನಕಾಯಿ ತರುತ್ತೇನೆ. ಹೊಟ್ಟೆಯೊಳಗಿನ ಕೂಸೂ ನೀನೂ ತಣ್ಣಗಿರಿ.

ನಿನ್ನ ಅಮ್ಮ,
ಭದ್ರಮ್ಮ

ತಾ.ಕ.: ಹೋದ ವರ್ಷ ನಿನ್ನ ಮೊದಲ ಬಸಿರು ಇಳಿಯಿತೆಂದು ತಿಳಿದ ದಿನವೇ ಹೊರಟು ಬಂದಿದ್ದೆ. ನಿಮ್ಮ ಬಾಗಿಲು ಕಾಣುವ ತಿರುವಿನಲ್ಲಿ ನಿಂತೆ. ನೀನು ಅಳುವುದು ಕೇಳಿಸಿತು. ಆಡಿದ ಮಾತು ನುಂಗಲಾರದೆ ಹಿಂದಿರುಗಿದೆ. ನೀರು ತರಲು ಹೊರಬಂದ ಬಾಲು ನನ್ನನ್ನು ನೋಡಿದ. ಅಮ್ಮನಿಗೆ ಸುದ್ದಿ ಮುಟ್ಟಲಿಲ್ಲವೇನೋ ಎಂದು ನೀನು ಕಾಗದದಲ್ಲಿ ಬರೆದಿದ್ದೀಯ. ಅಂದರೆ ಅವನು ಇವತ್ತಿಗೂ ನಿನಗೆ ಹೇಳಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ. ಇದನ್ನು ಓದಿದ ಮೇಲೂ ಬಾಗಿಲು ತೆರೆ, ಮಗಳೇ.