ಚಿತ್ರದ ಕೆಳಗಿನ ಹೆಸರುಗಳು

ಕುತೈಸಿ, ಜಾರ್ಜಿಯಾ
ಗುರುವಾರ

ಮಾನ್ಯ ಲೀಸ್ಬೆತ್ ಅವರಿಗೆ,

ನಮಸ್ಕಾರ. ನಿಮ್ಮ ಸಂಸ್ಥೆಯ ಧನಸಹಾಯದಿಂದ ನಡೆದ ನಮ್ಮ ಹಾಡಿನ ಶಿಬಿರದ ವಿವರವನ್ನು ಬೇರೆ ದೇಶಗಳ ತಂಡಗಳಿಗೆ ಮಾದರಿಯಾಗಲಿ ಎಂದು ನಿಮ್ಮ ಜಾಲತಾಣದಲ್ಲಿ ಹಾಕಿದ್ದೀರಿ. ಸಂತೋಷ. ಒಂದು ಸಣ್ಣ ಕೋರಿಕೆಯಿದೆ. ಅಲ್ಲಿರುವ ನಮ್ಮ ಚಿತ್ರವನ್ನೂ ಅದರ ಕೆಳಗಿನ ಹೆಸರುಗಳನ್ನೂ ದಯವಿಟ್ಟು ಇವತ್ತೇ ತೆಗೆಯಿರಿ.

ನಮ್ಮಲ್ಲಿ ಹಾಡುವವರ ಹೆಸರಿನ ಜೊತೆ ಅವರ ಹಳ್ಳಿಯ ಹೆಸರನ್ನೂ ಹೇಳುವುದು ವಾಡಿಕೆ. ಅದನ್ನು ಬರೆಯಲೇಬೇಕೆಂದು ಹಠ ಹಿಡಿದವಳು ನಾನೇ. ಹೊರದೇಶದ ಹಣ ಪಡೆದವರನ್ನು ದೇಶದ್ರೋಹಿಗಳೆನ್ನುವ ಕಾಲ ಇಲ್ಲಿ ಬಂದಿದೆ. ಈಗ ಯಾರೋ ಆ ಪುಟವನ್ನು ನಮ್ಮ ಬೀದಿಯ ರೊಟ್ಟಿ ಅಂಗಡಿಯ ಗೋಡೆಗೆ ಅಂಟಿಸಿದ್ದಾರೆ. ನಿನ್ನೆ ಅಂಗಡಿಯ ಜುಂಬೆರ್, "ಏನಕ್ಕಾ, ಪರದೇಶದ ದುಡ್ಡು ತಿಂದೋರಿಗೆ ನಮ್ಮ ರೊಟ್ಟಿ ಗಂಟಲಲ್ಲಿ ಇಳಿಯುತ್ತಾ?" ಎಂದ. ಸಾಲಿನಲ್ಲಿ ನಿಂತವರು ನಕ್ಕರು. ನಾನೂ ನಕ್ಕೆ. ರೊಟ್ಟಿ ಕೊಳ್ಳದೆ ಬಂದೆ.

ನಮ್ಮ ಮೂರು ದನಿಯ ಹಾಡಿನಲ್ಲಿ ಕೆಳದನಿ ಎತೇರಿ ಅಜ್ಜಿಯದು. ಅವರ ಹಳ್ಳಿಯಲ್ಲಿ ಆ ಹೆಸರಿನವರು ಅವರೊಬ್ಬರೇ. ಸೋಮವಾರ ಅವರ ಬಾಗಿಲಿಗೆ ಯಾರೋ ಕೆಂಪು ಬಣ್ಣ ಬಳಿದು ಹೋಗಿದ್ದಾರೆ. ನಾನು ನೋಡಲು ಹೋದಾಗ ಅಜ್ಜಿ ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ, "ಯಾರಾದ್ರೂ ಕೇಳಿದ್ರೆ, ಎತೇರಿಗೆ ಹಾಡೋಕೇ ಬರಲ್ಲ ಅಂತ ಹೇಳ್ಬಿಡು ತಾಯಿ" ಎಂದರು.

ಅಂತಿಮ ವರದಿಯ ನಮೂನೆಯನ್ನು ತುಂಬಿದ್ದೇನೆ. 'ನಿಮ್ಮ ಕೆಲಸ ಯಾರಿಗೆಲ್ಲ ತಲುಪಿತು?' ಎಂಬಲ್ಲಿ 'ಎಲ್ಲರಿಗೂ' ಎಂದು ಬರೆದಿದ್ದೇನೆ.

ಈ ಪತ್ರಕ್ಕೆ ಉತ್ತರ ಬೇಡ. ಚಿತ್ರ ಅಲ್ಲಿ ಕಾಣದಿದ್ದರೆ ನೀವು ಓದಿದಿರಿ ಎಂದುಕೊಳ್ಳುತ್ತೇನೆ.

ಇಂತಿ,
ಎಡದಿಂದ ಎರಡನೆಯವಳು